ಜಡ್ಜ್ ಸಾಹೇಬರಿಗೂ ಒಂದು ಲೆಟರ್ ಹಾಕಿಸ್ರಿ

ದಾವಣಗೆರೆ ಸೀಮೆಯಲ್ಲಿ ಎಂಎಲ್‌ಎ ಲೆಟರ್‌ಹೆಡ್‌ಗೆ ಆಗದ ಕೆಲಸವಿಲ್ಲ. ಪಿಎಸ್‌ಐ ಬರುವುದೂ ಅದರಿಂದ, ಹೋಗುವುದೂ ಅದರಿಂದ. ಸರಿಯಾಗಿ ಸಹಿ ಬಿದ್ದರೆ, ತಹಶೀಲ್ದಾರರು ಕುರ್ಚಿ ಬಿಸಿ ಮಾಡುವಷ್ಟರಲ್ಲಿ ಜಗಳೂರಿಗೋ ಹೊನ್ನಾಳಿಗೋ ಎತ್ತಂಗಡಿ. ಇಷ್ಟೆಲ್ಲ ಮಹಿಮೆಯ ಕಾಗದ ಕೋರ್ಟಿನ ಕಾಂಪೌಂಡ್ ಹತ್ತಿರ ಬಂದಾಕ್ಷಣ ಮಂಡಕ್ಕಿ ಕಟ್ಟುವುದಕ್ಕಷ್ಟೇ ಯೋಗ್ಯವಾಗುತ್ತದೆ. ಸಂವಿಧಾನದ 235ನೇ ವಿಧಿ ಜಿಲ್ಲೆಯ ನ್ಯಾಯಾಧೀಶರ ಹಿಡಿತವನ್ನು ಹೈಕೋರ್ಟಿಗೆ ಕೊಟ್ಟು, ಜನಪ್ರತಿನಿಧಿಗಳ ಮನಸ್ಸನ್ನು ಬಹಳ ನೋಯಿಸಿದೆ.

ನೊಂದವರು ಧೈರ್ಯಗೆಡಬೇಕಿಲ್ಲ. ಎಂಎಲ್‌ಎ ಕೈಗೆ ಎಟುಕದ್ದು ದಿಲ್ಲಿಯ ಕೈಗೆ ಎಟುಕುತ್ತದೆ, ಮತ್ತು ಈ ವಿದ್ಯೆಯ ಪ್ರಯೋಗಶಾಲೆಯಾಗಿ ಕನ್ನಡ ನಾಡು ಕೊಟ್ಟಷ್ಟು ಸೇವೆಯನ್ನು ಬೇರೆಯವರು ಕೊಟ್ಟಿರಲಾರರು.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಸಂವಿಧಾನದ ಮೂಲ ಸ್ವರೂಪಕ್ಕೆ ಸಂಸತ್ತು ಕೈ ಹಾಕುವಂತಿಲ್ಲ ಎಂದರು ಏಳು ನ್ಯಾಯಮೂರ್ತಿಗಳು, ಆರು ಮಂದಿ ಒಪ್ಪಲಿಲ್ಲ. ಇಂದಿರಾ ಗಾಂಧಿ ಸರ್ಕಾರ ಹೆಚ್ಚು ಹೊತ್ತು ಯೋಚಿಸಲಿಲ್ಲ. ಆ ಏಳರಲ್ಲಿದ್ದ ಶೆಲಟ್, ಕೆ.ಎಸ್. ಹೆಗ್ಡೆ, ಗ್ರೋವರ್ ಮೂವರ ಹಿರಿತನವನ್ನು ದಾಟಿ, ಆ ಆರರಲ್ಲಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ನಮ್ಮ ಕಾರ್ಕಳ ಕಡೆಯವರು. ಅವರೂ ರಾಜಕೀಯದ ಗಾಳಿ ಸೋಕದವರೇನಲ್ಲ: ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯತ್ವ ಬಿಟ್ಟು 1957ರಲ್ಲಿ ಹೈಕೋರ್ಟ್ ಸೇರಿದವರು, 1977ರಲ್ಲಿ ಜನತಾ ಪಕ್ಷದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದವರು. ನಡುವೆ ನ್ಯಾಯಾಧೀಶರಾಗಿದ್ದ ಹದಿನಾರು ವರ್ಷ ಮಾತ್ರ ತಾವು ಯಾರ ಕಡೆಯವರೆಂಬುದನ್ನು ಮರೆತುಬಿಟ್ಟಿದ್ದರು. ಸರ್ಕಾರಕ್ಕೆ ಸಿಟ್ಟು ಬಂದದ್ದು ಆ ಮರೆವಿಗೆ.

ತುರ್ತುಪರಿಸ್ಥಿತಿಯಲ್ಲಿ ಪಾಠ ಇನ್ನಷ್ಟು ಸ್ಪಷ್ಟವಾಯಿತು. ಬೆಂಗಳೂರಿನಲ್ಲಿ ಬಂಧಿಸಲಾಗಿದ್ದ ವಾಜಪೇಯಿ, ಅಡ್ವಾಣಿ ಮೊದಲಾದವರ ಅರ್ಜಿಗಳನ್ನು ಕೇಳಬಹುದು ಎಂದಿತು ಕರ್ನಾಟಕ ಹೈಕೋರ್ಟ್. 1976ರಲ್ಲಿ ದೇಶದ ಹೈಕೋರ್ಟುಗಳ ಹದಿನಾರು ನ್ಯಾಯಾಧೀಶರಿಗೆ ಪ್ರವಾಸ ಭಾಗ್ಯ ಒದಗಿದಾಗ ನಮ್ಮವರನ್ನು ಮರೆಯಲಿಲ್ಲ: ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದ ಸ್ವಾಮಿ ಗೌಹಾಟಿಗೆ. ಆದೇಶಗಳಲ್ಲಿ ಎಲ್ಲಿಯೂ ಸಿಟ್ಟಿನ ಮಾತಿರಲಿಲ್ಲ. ಸಾರ್ವಜನಿಕ ಹಿತಾಸಕ್ತಿ, ಅಷ್ಟೇ.

ಕಾಂಗ್ರೆಸ್ಸನ್ನು ಬಯ್ಯುತ್ತಲೇ ಬೆಳೆದವರು ಅಧಿಕಾರಕ್ಕೆ ಬಂದರು. ಬೆಂಗಳೂರು–ಅಲಹಾಬಾದ್ ಮಾರ್ಗ ಮಾತ್ರ ಹಾಗೇ ಉಳಿಯಿತು. 2017ರ ಸೆಪ್ಟೆಂಬರ್‌ನಲ್ಲಿ ಆ ದಾರಿ ಹಿಡಿಯಬೇಕಾಗಿ ಬಂದದ್ದು ಜಯಂತ್ ಪಟೇಲ್ ಅವರಿಗೆ. ಇನ್ನೇನು ಕರ್ನಾಟಕ ಹೈಕೋರ್ಟಿನ ಹಂಗಾಮಿ ಮುಖ್ಯ ನ್ಯಾಯಮೂರ್ತಿ ಆಗಬೇಕಿದ್ದವರು. ಗುಜರಾತಿನಲ್ಲಿದ್ದಾಗ ಇಶ್ರತ್ ಜಹಾನ್ ಎನ್‌ಕೌಂಟರ್ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿದ ಪೀಠದಲ್ಲಿದ್ದವರು. ಪಟೇಲರು ರಾಜೀನಾಮೆ ಕೊಟ್ಟರು, ವಕೀಲರು ಕಲಾಪ ಬಿಟ್ಟು ಬೀದಿಗಿಳಿದರು. ಈ ಸಲ ಟಿಕೆಟ್ ತೆಗೆಸಿದ್ದು ಸರ್ಕಾರವಲ್ಲ, ನ್ಯಾಯಮೂರ್ತಿಗಳದೇ ಕೊಲಿಜಿಯಂ. ಪ್ರಗತಿ ಅಂದರೆ ಇದು. ಹೊರಗಿನವರು ಬಂದು ದೂಡುವ ಶ್ರಮವನ್ನೂ ಮನೆಯವರೇ ಉಳಿಸಿಕೊಟ್ಟರು.

ಆಮೇಲೆ ಪಿ. ಕೃಷ್ಣ ಭಟ್ ಅವರ ಕಥೆ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅವರನ್ನು ಹೈಕೋರ್ಟಿಗೆ ಏರಿಸಿ ಎಂದು 2016ರಲ್ಲಿ ಕೊಲಿಜಿಯಂ ಹೇಳಿತು. ಅವರ ಮೇಲೊಂದು ದೂರಿತ್ತು, ವಿಚಾರಣೆಯಲ್ಲಿ ನಿಲ್ಲಲಿಲ್ಲ. ಆದರೂ ಕಡತ ಮೇಲೇಳಲಿಲ್ಲ. ಕೇಂದ್ರದ ಕಾನೂನು ಇಲಾಖೆ ಸುಪ್ರೀಂ ಕೋರ್ಟನ್ನು ದಾಟಿ ಸೀದಾ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗೇ ಕಾಗದ ಬರೆದು ಇನ್ನೊಮ್ಮೆ ವಿಚಾರಿಸಿ ಎಂದಿತು. ನೋಡಿ, ಲೆಟರ್ ಹಾಕಿಸುವ ನಮ್ಮೂರ ಪದ್ಧತಿ ಎಲ್ಲಿಯವರೆಗೆ ಬೆಳೆದಿದೆ! 2018ರ ಮಾರ್ಚ್ 21ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಲಮೇಶ್ವರ್ ತಮ್ಮ ಸಹೋದ್ಯೋಗಿಗಳಿಗೆಲ್ಲ ಪತ್ರ ಬರೆದು, ಸರ್ಕಾರ ಮತ್ತು ನ್ಯಾಯಾಂಗದ ಈ ಅತಿ ಸಲಿಗೆ ಪ್ರಜಾಪ್ರಭುತ್ವಕ್ಕೆ ಮೃತ್ಯು ಎಂದು ಎಚ್ಚರಿಸಿದರು. ಭಟ್ಟರು ಹೈಕೋರ್ಟಿನ ಕುರ್ಚಿ ಕಂಡದ್ದು 2020ರಲ್ಲಿ.

ಸಲಿಗೆಯ ವಿಷಯ ಹರಿಹರದವರಿಗೆ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರೆಯ ದಡದ ಗುಡಿಯಲ್ಲಿ ಹೊಯ್ಸಳರ ಕಾಲದಿಂದಲೂ ಅರ್ಧ ಹರಿ, ಅರ್ಧ ಹರ ಒಂದೇ ಮೂರ್ತಿಯಾಗಿ ನಿಂತಿದ್ದಾರೆ. ನಮ್ಮ ನಾಯಕರು ಅದಕ್ಕೆ ಕೈ ಮುಗಿದು ಬಂದು, ಸರ್ಕಾರವೂ ಕೋರ್ಟೂ ಹೀಗೆ ಒಂದಾದರೆ ಅಭಿವೃದ್ಧಿಗೆ ತಡೆಯೇ ಇರದಲ್ಲ ಎಂದು ಕನಸುತ್ತಾರೆ. ಸ್ಥಳಪುರಾಣವನ್ನು ಅವರು ಪೂರ್ತಿ ಕೇಳಿರಲಿಕ್ಕಿಲ್ಲ. ಹರಿಯೊಬ್ಬನಿಂದಲೂ ಹರನೊಬ್ಬನಿಂದಲೂ ಸಾಯದ ವರ ಪಡೆದಿದ್ದ ಗುಹಾಸುರನನ್ನು ಮುಗಿಸಲು ಇಬ್ಬರೂ ಕೂಡಿದರು. ವಿಧಾನಸೌಧ ಮತ್ತು ಹೈಕೋರ್ಟ್ ಎದುರುಬದುರಾಗಿರುವುದು ಸಾಲದೆ ಒಂದೇ ಮೈ ಆದರೆ, ಗುಹಾಸುರನ ಪಾತ್ರ ಯಾರಿಗೆ? ಅರ್ಜಿ ಹಿಡಿದು ಬಂದವನಿಗೆ.

(ಹರಿಹರದ ಇನ್ನೊಂದು ವಿಶೇಷ: ಹೊಳೆಯ ಈಚೆ ಮೇಲ್ಮನವಿ ಬೆಂಗಳೂರಿಗೆ, ಆಚೆ ದಡದ ಕುಮಾರಪಟ್ಟಣದಲ್ಲಿ ಧಾರವಾಡ ಪೀಠಕ್ಕೆ. ಸೇತುವೆ ದಾಟಿದರೆ ಹೈಕೋರ್ಟ್ ಪೀಠವನ್ನೇ ಬದಲಿಸಬಹುದು. ಜಡ್ಜನ್ನು ಬದಲಿಸಲು ಮಾತ್ರ ದಿಲ್ಲಿಯವರೆಗೆ ಹೋಗಬೇಕು.)

ಬೆದರಿಕೆ ಎಂದರೆ ಮಧ್ಯರಾತ್ರಿಯ ಫೋನು, ಮಚ್ಚು ಎಂದೆಲ್ಲ ತಿಳಿದವರು ಸಿನಿಮಾ ಜಾಸ್ತಿ ನೋಡಿದವರು. ನಿಜವಾದದ್ದು ಊಟದ ಪಂಕ್ತಿಯಲ್ಲಿ ಬರುತ್ತದೆ. 2022ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಎಚ್.ಪಿ. ಸಂದೇಶ್ ಲಂಚದ ಪ್ರಕರಣವೊಂದರಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು ಕಲೆಕ್ಷನ್ ಸೆಂಟರ್ ಎಂದು ಝಾಡಿಸಿದ್ದರು. ಮುಖ್ಯ ನ್ಯಾಯಮೂರ್ತಿಯ ಬೀಳ್ಕೊಡುಗೆ ಊಟದಲ್ಲಿ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಬಂದು ಕೂತು, ದಿಲ್ಲಿಯಿಂದ ಕರೆ ಬಂದಿತ್ತು, ನಿಮ್ಮ ಬಗ್ಗೆ ಕೇಳಿದರು, ದಳದ ಮುಖ್ಯಸ್ಥರು ಪ್ರಬಲರು ಎಂದರಂತೆ. ಹಿಂದೆ ವರ್ಗವಾದವರೊಬ್ಬರ ಉದಾಹರಣೆಯನ್ನೂ ಬಡಿಸಿದರಂತೆ. ಸಂದೇಶ್ ಅದನ್ನು ನುಂಗಿಕೊಳ್ಳಲಿಲ್ಲ. ತೆರೆದ ಕೋರ್ಟಿನಲ್ಲಿ ಹೇಳಿ, ಆದೇಶದಲ್ಲೇ ಬರೆಸಿದರು. ತಾನು ರೈತನ ಮಗ, ಹೊಲ ಉಳುವುದಕ್ಕೂ ಸಿದ್ಧ ಎಂದರು. ಸುಪ್ರೀಂ ಕೋರ್ಟ್ ಆ ಕಲಾಪಕ್ಕೆ ತಡೆ ಕೊಟ್ಟಿತು. ಆಗಸ್ಟ್ 11ರಂದು ಹೈಕೋರ್ಟಿನ ಇನ್ನೊಂದು ಪೀಠ ಆ ದಳವನ್ನೇ ರದ್ದು ಮಾಡಿತು. ಸಿದ್ದರಾಮಯ್ಯ ಸರ್ಕಾರ 2016ರಲ್ಲಿ ಕಟ್ಟಿದ್ದ, ಬಿಜೆಪಿ ಸರ್ಕಾರ ಜೋಪಾನ ಮಾಡಿದ್ದ ಕೂಸು. ಎರಡೂ ಪಕ್ಷಗಳು ಒಂದಾಗಿ ಪ್ರೀತಿಸಿದ ವಸ್ತುಗಳು ಈ ರಾಜ್ಯದಲ್ಲಿ ಬಹಳಿಲ್ಲ.

ಬೆದರಿಕೆ ಒಗ್ಗದವರಿಗೆ ಪಾಯಸವೂ ಇದೆ. ಮೂಡುಬಿದಿರೆ ಕಡೆಯ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಅಬ್ದುಲ್ ನಜೀರ್ 2023ರ ಜನವರಿ 4ರಂದು ನಿವೃತ್ತರಾದರು. ಫೆಬ್ರುವರಿ 12ಕ್ಕೆ ಆಂಧ್ರದ ರಾಜ್ಯಪಾಲರೆಂದು ಘೋಷಣೆಯಾಯಿತು. ಅವರ ತೀರ್ಪುಗಳಿಗೂ ರಾಜಭವನಕ್ಕೂ ಗಂಟು ಹಾಕುವ ಪುರಾವೆ ಯಾವುದೂ ಇಲ್ಲ, ಬೇಕಾಗಿಯೂ ಇಲ್ಲ. ನಿವೃತ್ತಿಗೆ ಆರು ತಿಂಗಳಿರುವ ಉಳಿದ ಜಡ್ಜುಗಳು ಪೇಪರ್ ಓದುತ್ತಾರಲ್ಲ, ಸಾಕು.

ದಿಲ್ಲಿಯನ್ನು ಬಯ್ದದ್ದಾಯಿತು. ಈಗ ನಮ್ಮ ಕೋರ್ಟ್ ಆವರಣದ ಬೇವಿನ ಮರದ ಕೆಳಗೆ ಯಾವ ಸೋಮವಾರ ಬೇಕಾದರೂ ಕಿವಿ ಕೊಡಿ.

‘ವಕೀಲ್ರೇ, ಹೊಸ ಜಡ್ಜ್ ಸಾಹೇಬ್ರು ಯಾವ ಕಡೇರು?’

‘ಬೀದರ್ ಕಡೇರಂತೆ.’

‘ಯಾವ ಜನ?’

‘ಗೊತ್ತಿಲ್ಲಪ್ಪ.’

‘ಎಂಎಲ್‌ಎ ಕಡಿಂದ ಒಂದು ಮಾತು ಹೇಳ್ಸಿದ್ರೆ?’

‘ಹೇಳ್ಸಿದ್ರೆ ನಿನ್ನ ಕೇಸ್ ಇನ್ನೂ ಕೆಡ್ತತಿ.’

‘ಮತ್ತೆ ಯಾರ ಮಾತು ಕೇಳ್ತಾರೆ?’

‘ಸಾಕ್ಷಿ ಮಾತು.’

ಕಕ್ಷಿದಾರ ಎಲೆಅಡಿಕೆ ಉಗಿದು ಬಂದ. ‘ಹಂಗಾರೆ ಕಷ್ಟ ಐತಿ ಬಿಡ್ರಿ. ಬರೋ ಲೋಕ ಅದಾಲತ್‌ದಾಗೆ ರಾಜಿ ಮಾಡ್ಸಿಬಿಡ್ರಿ.’