ಹಕ್ಕಿಗಳ ಹಾಜರಿ ಪುಸ್ತಕ

ಬೆಳಗಾವಿಯ ಕೋಟೆ ಕೆರೆಗೆ ಬೆಳಿಗ್ಗೆ ವಾಕಿಂಗ್ ಬರುವವರಲ್ಲಿ ಮೂರು ಜಾತಿ: ಸಕ್ಕರೆ ಕಾಯಿಲೆಯವರು, ರಾಜಕೀಯ ಮಾತಾಡುವವರು ಮತ್ತು ಹಕ್ಕಿ ಕಾಕಾ. ಮೊದಲಿನೆರಡು ಎಲ್ಲ ಊರಲ್ಲೂ ಸಿಗುತ್ತವೆ. ಮೂರನೆಯದರ ಗುರುತು ಇಷ್ಟು: ತಲೆಗೆ ಹಸಿರು ಟೋಪಿ, ಕೊರಳಲ್ಲಿ ದುರ್ಬೀನು, ಜೇಬಿನಲ್ಲಿ ಡೈರಿ, ಮುಖದಲ್ಲಿ ನಿವೃತ್ತ ಹೆಡ್ ಕ್ಲಾರ್ಕರ ಗಾಂಭೀರ್ಯ. ಕೂಗು ಅಶೋಕ ಸರ್ಕಲ್ಲಿನವರೆಗೆ ಕೇಳುತ್ತದೆ: "ಏ ತಮ್ಮಾ, ಗದ್ಲ ಮಾಡಬ್ಯಾಡೋ, ಪಕ್ಷಿ ಹಾರ್ತಾವು!" ಅಷ್ಟೊತ್ತಿಗೆ ಹಾರಿರುತ್ತವೆ.

ಸರ್ವಿಸಿನುದ್ದಕ್ಕೂ ನೌಕರರ ವರ್ಗಾವಣೆ ಫೈಲು ನೋಡಿದವರು. ಈಗ ಹಕ್ಕಿಗಳದ್ದು ನೋಡುತ್ತಾರೆ. ಸೆಪ್ಟೆಂಬರಿನಲ್ಲಿ ಹಿಮಾಲಯದ ಕಡೆಯಿಂದ ಬೂದು ಸಿಪಿಲೆ ಬಂದು ದಂಡೆಯ ಮೇಲೆ ಬಾಲ ಕುಣಿಸಿತೋ, ಡೈರಿಯಲ್ಲಿ "ಜಾಯಿನ್ ಆತು" ಎಂದು ಬರೆದು ಸಹಿ ಹಾಕುತ್ತಾರೆ. ಹೋದ ವರ್ಷಕ್ಕಿಂತ ನಾಲ್ಕು ದಿನ ತಡವಾದರೆ ಕಾರಣ ಕೇಳಿ ನೋಟಿಸ್ ಕೊಡುವಷ್ಟು ಸಿಟ್ಟು. ಬೆಳ್ಳಕ್ಕಿ, ನೀರುಕಾಗೆ ಕಾಯಂ ನೌಕರರು. ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ.

ಹಣೆಗೆ ಬಿಳಿ ನಾಮ ಎಳೆದುಕೊಂಡ ಕರಿ ನಾಮಕೋಳಿಯನ್ನು ಯಾರಾದರೂ ಬಾತುಕೋಳಿ ಅಂದರೆ ಮುಗಿಯಿತು. ಅದಕ್ಕೆ ಬಾತಿನ ಜಾಲಪಾದವಿಲ್ಲ, ಬೆರಳಿನಂಚಿಗೆ ಹಾಲೆ ಹಾಲೆಯಾದ ಚರ್ಮವಿದೆ, ಸಂಬಂಧದಲ್ಲಿ ಸಾರಸಕ್ಕೆ ಹತ್ತಿರ ಎಂದು ಶುರುವಾದ ಪಾಠ ನಾಷ್ಟಾದ ಹೊತ್ತು ಮೀರಿದರೂ ನಿಲ್ಲದು.

ಡಿಸೆಂಬರಿನಲ್ಲಿ ಕಾಕಾರಿಗೆ ಪುರುಸೊತ್ತಿಲ್ಲ. ಆಗ ಬೆಳಗಾವಿ ಜಿಲ್ಲೆಗೆ ಎರಡು ವಲಸೆ: ಉತ್ತರದಿಂದ ಬಾತುಗಳು, ಬೆಂಗಳೂರಿನಿಂದ ಶಾಸಕರು. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಎರಡನೆಯವರಿಗೂ ಕಾಯಂ ಗೂಡಾಗಿದೆ. "ಬಾತು ಮಾರ್ಚ್ ತನಕಾ ಇರ್ತಾವ್ರೀ. ಇವ್ರು ಹತ್ತು ದಿನಕ್ಕ ಹಾರ್ತಾರ. ಟಿಎ-ಡಿಎ ಯಾರಿಗೆ ಕೊಡಬೇಕು, ನೀವ ಹೇಳ್ರಿ!"

ಬಿಸಿಲೇರಿದರೆ ಖಾನಾಪುರದ ಬಸ್ಸು. ಅಲ್ಲಿಂದ ಹೆಮ್ಮಡಗಾ ಕಡೆ, 2011ರಲ್ಲಿ ವನ್ಯಧಾಮವಾದ ಭೀಮಗಡದ ಅಂಚಿಗೆ. ಅಲ್ಲಿ ಮಂಗಟ್ಟೆ ಹಕ್ಕಿ ನೋಡಿ ಬಂದ ದಿನ ಮನೆಯಲ್ಲಿ ವರದಿ ಸಲ್ಲಿಕೆ. ಹೆಣ್ಣು ಮರದ ಪೊಟರೆ ಹೊಕ್ಕು, ಬಾಯಿಯನ್ನು ಒಳಗಿನಿಂದಲೇ ಮೆತ್ತಿ, ಕೊಕ್ಕು ಹಿಡಿಯುವಷ್ಟು ಸೀಳು ಬಿಟ್ಟುಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. "ಗಂಡು ತಿಂಗಳುಗಟ್ಟಲೆ ಹಣ್ಣು ತಂದು ತಂದು ಕೊಡತೈತಿ! ಏನ್ ಜವಾಬ್ದಾರಿ!" ಕಾಕೂ ಒಗ್ಗರಣೆಯ ಸಾಸಿವೆ ಸಿಡಿದು ಮುಗಿಯುವತನಕ ಕಾದು, "ಹೌದೇನ್ರೀ? ಹಂಗಾದ್ರ ಸಂಜೀಕ ಪಾವ್ ಕಿಲೋ ಮೆಣಸಿನಕಾಯಿ ತರ್ರಿ. ಇಲ್ಲೂ ಒಬ್ಬಾಕಿ ಒಳಗ ಇದ್ದಾಳ" ಅಂದರು. ಕಾಕಾ ಅದನ್ನು ಡೈರಿಯಲ್ಲಿ ಬರೆದುಕೊಳ್ಳಲಿಲ್ಲ. ಮೆಣಸಿನಕಾಯಿಯೂ ಬರಲಿಲ್ಲ.

ಮೇ ಕೊನೆಗೆ ಚಾತಕ ಕೂಗಿದರೆ ಹವಾಮಾನ ಇಲಾಖೆಗಿಂತ ಮೊದಲೇ ಓಣಿಗೆಲ್ಲ ಮಳೆಯ ಸುದ್ದಿ ಮುಟ್ಟಿಸುತ್ತಾರೆ. ಹಪ್ಪಳ ಒಣಹಾಕಿದವರು ಒಳಗೆ ಒಯ್ಯುತ್ತಾರೆ. ಹದಿನೈದು ದಿನ ಹನಿ ಬೀಳದಿದ್ದರೂ ತಪ್ಪು ಚಾತಕದ್ದಲ್ಲ, ಕಾಕಾರದ್ದಂತೂ ಅಲ್ಲವೇ ಅಲ್ಲ, ಮಳೆಯದು. ಮುಂದೆ ಜುಲೈಯಲ್ಲಿ ದುರ್ಬೀನಿನ ಗಾಜಿಗೆ ಬೂಸು ಹತ್ತುವಂಥ ಮಳೆ ಹಿಡಿದಾಗ, ಛತ್ರಿಯ ಕೆಳಗೆ ನಿಂತು ನೆನೆದ ಬೆಳ್ಳಕ್ಕಿಗಳನ್ನು ಎಣಿಸುತ್ತಾರೆ. ಆ ಎರಡು ತಿಂಗಳು ಕಾಯಂ ನೌಕರರಿಗೂ ಬೆಲೆ.

ಕಾಕಾರ ಡೈರಿಯಲ್ಲಿ ಸುಳ್ಳು ಹಾಜರಿ ಒಂದೂ ಇಲ್ಲ. ಇಷ್ಟು ಕಚೇರಿ ಕಂಡ ನಾನು ಇದನ್ನು ಸಣ್ಣ ಮಾತು ಅನ್ನಲಾರೆ. ಕೋಟೆ ಕೆರೆಗೆ ಹೋದರೆ ಅವಶ್ಯ ಮಾತಾಡಿಸಿ. ಊರಿಗೆ ಹೋಗುವ ಬಸ್ಸಿಗೆ ಟಿಕೀಟು ತೆಗೆಸಿದ್ದರೆ ಮಾತ್ರ ನಾಮಕೋಳಿಯ ಸುದ್ದಿ ಎತ್ತಬೇಡಿ.