ಲಾರಿ ಬದಿಗೆ ಹಾಕುವ ವಿಧಾನ
(ಸಯನ್ ಮಾದರಿ, ಹತ್ತು ಚಕ್ರ ಮತ್ತು ಮೇಲ್ಪಟ್ಟವರಿಗೆ)

ಬಳಕೆಗೆ ಮುನ್ನ

ಅಭಿನಂದನೆಗಳು. ಹಾವೇರಿಯಿಂದಲೋ ಬ್ಯಾಡಗಿಯಿಂದಲೋ ಹೊರಟು, ಗಡಿಯ ಕೊಗನೊಳ್ಳಿ ದಾಟಿ, ಕೊಲ್ಹಾಪುರ, ಸಾತಾರಾ, ಪುಣೆ ಕಳೆದು, ಬೋರ್ ಘಾಟ್ ಇಳಿದು ನೀವು ವಾಶಿ ಮಾರ್ಕೆಟ್ಟಿನಲ್ಲಿ ಮಾಲು ಇಳಿಸಿದ್ದೀರಿ. ವಾಪಸ್ ಲೋಡು ವಡಾಲಾದಲ್ಲಿದೆ ಎಂದು ಬ್ರೋಕರ್ ಫೋನು ಮಾಡಿದ್ದಾನೆ. ಆ ಲೋಡಿಗೂ ನಿಮಗೂ ನಡುವೆ ಉಳಿದಿರುವುದು ಒಂದು ಖಾಡಿ, ಒಂದು ಟೋಲ್ ನಾಕಾ ಮತ್ತು ಸಯನ್. ಖಾಡಿಗೆ ಸೇತುವೆ ಇದೆ. ಟೋಲ್ ನಾಕಾದಲ್ಲಿ 2024ರ ಅಕ್ಟೋಬರಿನಿಂದ ಕಾರುಗಳಿಗೆ ಸುಂಕವಿಲ್ಲ, ನಿಮಗೆ ಇದೆ. ಪಕ್ಕದ ಕಾರಿನವನು ಸುಮ್ಮನೆ ದಾಟಿ ಹೋಗುವುದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳದೆ ಮುಂದೆ ಬನ್ನಿ. ಈ ಕೈಪಿಡಿ ಮೂರನೆಯದರ ಬಗ್ಗೆ.

ಮುಂಬಯಿ ಕನ್ನಡಿಗರಿಗೆ ಸಯನ್ ಎಂದರೆ ಗೋಕುಲದ ಸಭಾಗೃಹ, ಸಮಾರಂಭ, ಬಾಳೆ ಎಲೆಯ ಊಟ. ಆ ಸಯನ್ ನಿಮಗೆ ಸಿಗುವುದಿಲ್ಲ. ನಿಮಗೆ ಸಿಗುವುದು ಪನ್ವೇಲ್ ರಸ್ತೆ, ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಧಾರಾವಿಯ ಕಡೆಯ ಲಿಂಕ್ ರೋಡು, ಆಸ್ಪತ್ರೆಯ ರಸ್ತೆ ಎಲ್ಲವೂ ಬಂದು ಒಂದರ ಮೇಲೊಂದು ಬೀಳುವ ಸಯನ್. ಈಸ್ಟ್ ಇಂಡಿಯಾ ಕಂಪನಿಯವರು 1669ರಿಂದ 1677ರ ನಡುವೆ ಇಲ್ಲಿನ ಗುಡ್ಡದ ಮೇಲೆ ಕೋಟೆ ಕಟ್ಟಿದ್ದು ಆಚೆಯ ಪೋರ್ಚುಗೀಸರ ಸಾಲ್ಸೆಟ್ಟಿನಿಂದ ಯಾರು ಬರುತ್ತಾರೆಂದು ನೋಡಲಿಕ್ಕೆ. ಕೋಟೆ ಪಾಳು ಬಿತ್ತು. ಬರುವವರನ್ನು ತಡೆದು ನೋಡುವ ಕೆಲಸ ಮಾತ್ರ ಕೆಳಗಿನ ರಸ್ತೆಗಿಳಿದು ಚೆನ್ನಾಗಿ ನಡೆದಿದೆ.

ಫೈಲಿನೊಳಗೆ ಇರಬೇಕಾದವು

ಆರ್‌ಸಿ, ಎಫ್‌ಸಿ, ಇನ್ಶೂರೆನ್ಸು, ನ್ಯಾಷನಲ್ ಪರ್ಮಿಟ್ಟು, ಟ್ಯಾಕ್ಸ್ ಕಟ್ಟಿದ ರಸೀದಿ, ಎಮಿಷನ್ ಸರ್ಟಿಫಿಕೇಟು (ಕೊಗನೊಳ್ಳಿ ದಾಟಿದ ಮೇಲೆ ಇದನ್ನು ಪಿಯುಸಿ ಎನ್ನಬೇಕು), ನಿಮ್ಮ ಲೈಸೆನ್ಸು. ಮಾಲು ಇದ್ದರೆ ಬಿಲ್ಟಿ ಮತ್ತು ಇ-ವೇ ಬಿಲ್ಲು. ಎಲ್ಲವನ್ನೂ ಪ್ಲಾಸ್ಟಿಕ್ ಫೈಲಿಗೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿ. ಮೇಲೆ ಸವದತ್ತಿ ಎಲ್ಲಮ್ಮನ ಫೋಟೊ ಇಡುವ ಪದ್ಧತಿಯಿದೆ. ಅದಕ್ಕೆ ಮೋಟಾರು ವಾಹನ ಕಾಯಿದೆಯಲ್ಲಿ ಕಲಮು ಇಲ್ಲ, ಆದರೂ ತೆಗೆಯಬೇಡಿ.

2018ರ ನವೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮ 139 ತಿದ್ದುಪಡಿಯಾಯಿತು. ಕಾಗದಗಳನ್ನು ಫೋನಿನಲ್ಲಿ ತೋರಿಸಿದರೂ ಸಾಕು. ಡಿಜಿಲಾಕರ್ ಇದೆ, ಎಂಪರಿವಾಹನ್ ಇದೆ. ಆದರೆ ಪನ್ವೇಲಿನಿಂದ ದಾರಿ ತೋರಿಸುತ್ತ ಬಂದ ಫೋನಿನಲ್ಲಿ ಸಯನ್ ಮುಟ್ಟುವಾಗ ಬ್ಯಾಟರಿ ಎಷ್ಟು ಉಳಿದಿರುತ್ತದೆ ಎಂಬುದನ್ನು ನಿಯಮ 139 ಯೋಚಿಸಿದಂತಿಲ್ಲ. ಪರದೆ ಒಡೆದಿದ್ದರೆ ಒಡಕು ಸರಿಯಾಗಿ ಚಾಸಿ ನಂಬರಿನ ಮೇಲೆಯೇ ಹಾಯುತ್ತದೆ. ಹಾಗಾಗಿ ಫೋನೂ ಇರಲಿ, ಫೈಲೂ ಇರಲಿ.

ಗಡಿಯಾರ ಹೊಂದಿಸುವುದು

ಇದು ಕೈಪಿಡಿಯ ಮುಖ್ಯ ಭಾಗ. ಅವಸರ ಮಾಡದೆ ಓದಿ. ಅವಸರ ಮಾಡಿದರೂ ಎಲ್ಲೂ ಹೋಗಲಾರಿರಿ.

2025ರ ಫೆಬ್ರುವರಿಯಿಂದ ಜಾರಿಗೆ ಬಂದ ಟ್ರಾಫಿಕ್ ಪೊಲೀಸರ ಆದೇಶದಂತೆ ಭಾರಿ ವಾಹನಗಳು ದಕ್ಷಿಣ ಮುಂಬಯಿಗೆ ಬೆಳಗ್ಗೆ 7ರಿಂದ ನಡುರಾತ್ರಿಯವರೆಗೆ ಕಾಲಿಡುವಂತಿಲ್ಲ. ಉಳಿದ ಕಡೆ ಬೆಳಗ್ಗೆ 8ರಿಂದ 11, ಸಂಜೆ 5ರಿಂದ 9 ಓಡುವಂತಿಲ್ಲ. ತರಕಾರಿ, ಹಾಲು, ಬ್ರೆಡ್ಡು ಮುಂತಾದವಕ್ಕೆ ವಿನಾಯಿತಿ ಉಂಟು. ಖಾಲಿ ಲಾರಿಗೆ, ಅದು ನಿನ್ನೆ ರಾತ್ರಿಯಷ್ಟೇ ತರಕಾರಿ ಇಳಿಸಿ ಬಂದಿದ್ದರೂ, ಇಲ್ಲ. ಟೊಮೆಟೊ ವಾಸನೆಯನ್ನು ಪುರಾವೆಯಾಗಿ ತೋರಿಸಲು ನೋಡಬೇಡಿ.

ಈಗ ಲೆಕ್ಕ ಹಾಕಿ. ವಾಶಿಯಲ್ಲಿ ಇಳಿಸಿ ಮುಗಿಯುವುದು ಬೆಳಗಿನ ಹೊತ್ತಿಗೆ. ಹಮಾಲರು ತಡ ಮಾಡಿದರು, ಮಾನ್‌ಖುರ್ದದಲ್ಲಿ ರಸ್ತೆ ಕಟ್ಟಿತು, ನೀವು ಸಯನ್ ಹತ್ತಿರ ಬಂದಾಗ ಎಂಟು ಹೊಡೆದು ಎರಡು ನಿಮಿಷ. ಮುಂದೆ ಹೋದರೆ ನೋ ಎಂಟ್ರಿ. ಸರಿ, ಹನ್ನೊಂದರವರೆಗೆ ನಿಲ್ಲಿಸೋಣ ಎಂದರೆ ಎಡಕ್ಕೆ ನೋ ಪಾರ್ಕಿಂಗ್ ಬೋರ್ಡು, ಬಲಕ್ಕೆ ಬಸ್ ಸ್ಟಾಪು, ಹಿಂದೆ ಹಾರ್ನು. ಸ್ಟೇಷನ್ ಪಕ್ಕದ ಹಳೆಯ ಮೇಲ್ಸೇತುವೆ, 1912ರದ್ದು, ಒಡೆದು ಕಟ್ಟಲೆಂದು 2024ರ ಆಗಸ್ಟ್ 1ರಿಂದ ಮುಚ್ಚಿದ ಮೇಲಂತೂ ಅದರ ಮೇಲೆ ಹೋಗುತ್ತಿದ್ದ ಕಾರು, ರಿಕ್ಷಾ, ಬಸ್ಸುಗಳೆಲ್ಲ ಬಂದು ನಿಮ್ಮ ಬಂಪರಿಗೆ ತಾಗಿಕೊಂಡವು. ಮೂರು ಗಂಟೆ ಹತ್ತು ಚಕ್ರವನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಬೇರೆ ಯಾವ ಕೈಪಿಡಿಯ ವ್ಯಾಪ್ತಿಗೂ ಬಂದ ಹಾಗೆ ಕಾಣುವುದಿಲ್ಲ.

2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ಪ್ರಕಾರ ನೀವು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮಾತ್ರ ದುಡಿಯಬೇಕಿತ್ತು. ನಗಬೇಡಿ, ಸ್ಟಿಯರಿಂಗ್ ಅಲುಗುತ್ತದೆ.

ಒಂದೊಂದು ನಿಯಮವನ್ನೂ ಬಿಡಿಬಿಡಿಯಾಗಿ ನೋಡಿದರೆ ತಪ್ಪು ಹೇಳುವಂತಿಲ್ಲ. ಸಯನ್ ಆಸ್ಪತ್ರೆಗೆ ಹೊರಟ ಆಂಬುಲೆನ್ಸು ಲಾರಿಯ ಹಿಂದೆ ಸಿಕ್ಕಿಕೊಂಡು ಅರಚುವುದನ್ನು ಕೇಳಿದವರು ನೋ ಎಂಟ್ರಿಯನ್ನು ಬಯ್ಯಲಾರರು. ತೊಂದರೆ ಇರುವುದು ಅಷ್ಟನ್ನೂ ಒಟ್ಟಿಗೆ ಪಾಲಿಸಲು ಹೊರಟಾಗ. ಹಾಗೆ ಪಾಲಿಸಿದ ಲಾರಿ ಓಡಲೂಬಾರದು, ನಿಲ್ಲಲೂಬಾರದು. ರಸ್ತೆಬದಿಯಲ್ಲಿ ಮುಂದೆ ನಡೆಯುವ ವ್ಯಾಪಾರವೆಲ್ಲ ಹುಟ್ಟುವುದು ಈ ಬಿರುಕಿನಲ್ಲಿ.

ಕೈ ಅಡ್ಡ ಬಂದಾಗ

ಮೊದಲು ಕ್ಲೀನರ್ ನೋಡುತ್ತಾನೆ.

“ಉಸ್ತಾದ್, ಕೈ ಮಾಡಾಕತ್ತಾರ.”

“ಎಲ್ಲಾರಿಗೂ ಮಾಡ್ತಾರ, ಬಿಡು.”

“ಇಲ್ಲ ಉಸ್ತಾದ್, ನಮಗಽ.”

ಇಲ್ಲಿ ಎಡಗಡೆಯ ಇಂಡಿಕೇಟರ್ ಹಾಕಿ. ಸಮವಸ್ತ್ರದಲ್ಲಿರುವ ಅಧಿಕಾರಿ ಕೈ ತೋರಿಸಿದರೆ ನಿಲ್ಲಿಸಲೇಬೇಕು. ಕಾಣದವರ ಹಾಗೆ ಮುಂದಿನ ಬಸ್ಸಿನ ಹಿಂದೆ ಮರೆಯಾಗುವ ಯೋಜನೆ ಬೇಡ. ಹತ್ತು ಚಕ್ರದ ಗಾಡಿ, ಮುಂದೆ ಬಣ್ಣದ ಗೊಂಡೆ, ನಿಂಬೆಹಣ್ಣು ಮೆಣಸಿನಕಾಯಿಯ ಸರ, ಕೆಎ 27 ನಂಬರ್ ಪ್ಲೇಟು. ಮರೆಯಾಗುವ ಲಕ್ಷಣ ಯಾವುದಿದೆ?

ಎಂಜಿನ್ ಆರಿಸಿ, ಫೈಲು ಹಿಡಿದು ಕೆಳಗಿಳಿಯಿರಿ. ಮೇಲೆ ಕೂತು ಕಿಟಕಿಯಿಂದ ಕಾಗದ ಚಾಚಿದರೆ ಅವರು ಕತ್ತೆತ್ತಿ ನೋಡಬೇಕಾಗುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆಯಿಂದ ನಿಂತ ಮನುಷ್ಯನಿಗೆ ಅದು ಹಿಡಿಸುವುದಿಲ್ಲ. ಅವರ ಬಿಳಿ ಅಂಗಿಯ ಕಾಲರನ್ನು ಒಮ್ಮೆ ನೋಡಿ. ಒಳಮಡಿಕೆಯಲ್ಲಿ ಕಪ್ಪು ಗೆರೆ ಕಾಣುತ್ತದೆ. ಅದರಲ್ಲಿ ನಿಮ್ಮ ಸೈಲೆನ್ಸರಿನ ಪಾಲೂ ಇದೆ.

“ಗಾಡಿ ಬಾಜೂಲಾ ಘೇ” ಎಂದರೆ ಗಾಡಿ ಇನ್ನೂ ಬದಿಗೆ ಹೋಗಬೇಕು. ಬದಿ ಎಲ್ಲಿದೆ ಎಂದು ಕೇಳಬಾರದು. “ಕಾಗದ ದಾಖವ” ಎಂದಾಗ ಫೈಲು ಕೊಡಿ. “ಕುಠೂನ್ ಆಲಾ?” ಎಂದಾಗ “ಕರ್ನಾಟಕ, ಸಾಹೇಬ್” ಎಂದು ನಿಲ್ಲಿಸಿ. ನಿಮ್ಮದು ಬೆಳಗಾವಿಯಾಗಿದ್ದರೆ ಈ ಉತ್ತರಕ್ಕೆ ಒಂದಕ್ಷರವೂ ಸೇರಿಸಬೇಡಿ. ಮಹಾರಾಷ್ಟ್ರ 2004ರಲ್ಲಿ ಹೂಡಿದ ಗಡಿ ದಾವೆ ಸುಪ್ರೀಂ ಕೋರ್ಟಿನಲ್ಲಿದೆ, ಸಯನ್ ಸರ್ಕಲ್ಲಿನಲ್ಲಿ ಅದರ ವಿಚಾರಣೆ ಬೇಡ. ಪಕ್ಕದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತ ಶೆಟ್ಟರು ಬಂದು ಮಾತಾಡಿ ಬಿಡಿಸಿಯಾರು ಎಂದೂ ನಂಬಿ ಕೂರಬೇಡಿ. ಅವರಿಗೆ ನಾಳೆ ಬೆಳಗ್ಗೆ ಅಲ್ಲೇ ಬಾಗಿಲು ತೆರೆಯಬೇಕು.

ಕಾಗದ ನೋಡುವುದಕ್ಕೆ ಒಂದು ಕ್ರಮವಿದೆ. ಸರಿಯಿರುವ ಕಾಗದ ಬೇಗ ಬೇಗ ಹಿಂದೆ ಹೋಗುತ್ತದೆ. ಪಿಯುಸಿ ಬಂದಾಗ ಹೆಬ್ಬೆರಳು ನಿಲ್ಲುತ್ತದೆ. ಮೊನ್ನೆಗೆ ಮುಗಿದಿದೆ. ಎಲ್ಲವೂ ಸರಿಯಿದ್ದರೆ ಕಣ್ಣು ಗಾಡಿಯ ಕಡೆ ಹೊರಳುತ್ತದೆ. ಹಿಂದಿನ ರಿಫ್ಲೆಕ್ಟರ್ ಟೇಪು, ಫಸ್ಟ್ ಏಡ್ ಡಬ್ಬಿ, ಬೆಂಕಿ ಆರಿಸುವ ಸಿಲಿಂಡರು, ಕ್ಲೀನರ್ ಇದ್ದಾನೋ ಇಲ್ಲವೋ. ಹಿಂದೆ ‘ಹಾರ್ನ್ ಓಕೆ ಪ್ಲೀಸ್’ ಎಂದು ಬರೆಸಿದ್ದರೆ ಅದನ್ನು ಮಹಾರಾಷ್ಟ್ರ 2015ರಲ್ಲೇ ನಿಷೇಧಿಸಿದೆ ಎಂಬುದನ್ನು ನೆನಪಿಡಿ. ಪೇಂಟರಿಗೆ ಇನ್ನೂ ಸುದ್ದಿ ತಲುಪಿಲ್ಲ.

ಎದುರಿಗೇ ಇಲಾಖೆಯ ಜೀಪು ನೋ ಪಾರ್ಕಿಂಗ್ ಬೋರ್ಡಿನ ಕೆಳಗೆ ನಿಂತಿರಬಹುದು. 2019ರ ತಿದ್ದುಪಡಿಯಲ್ಲಿ 210ಬಿ ಎಂಬ ಕಲಮು ಸೇರಿದೆ. ಕಾನೂನು ಜಾರಿ ಮಾಡುವವರೇ ತಪ್ಪು ಮಾಡಿದರೆ ದಂಡ ಎರಡು ಪಟ್ಟು. ಇದನ್ನು ತಿಳಿದಿರಿ. ಅಲ್ಲಿ ಬಾಯಿ ಬಿಡಬೇಡಿ.

ಪಾವತಿ

ರಸೀದಿಗೆ ಮರಾಠಿಯಲ್ಲಿ ಪಾವತಿ ಎನ್ನುತ್ತಾರೆ. ಪಾವತಿ ಇರುವ ಪಾವತಿ, ಪಾವತಿ ಇಲ್ಲದ ಪಾವತಿ ಎಂದು ಇಲ್ಲಿ ಎರಡು ದಾರಿ. ಎರಡನೆಯದನ್ನು ನಾವು ಮಾಮೂಲು ಎಂದೆವು, ಲೈನಿನವರು ಎಂಟ್ರಿ ಎಂದರು, ಮುಂಬಯಿ ಚಾಯ್‌ಪಾನಿ ಎಂದಿತು. ಸೇವ್‌ಲೈಫ್ ಫೌಂಡೇಶನ್ 2020ರಲ್ಲಿ ದೇಶದ 10 ಸಾರಿಗೆ ಕೇಂದ್ರಗಳಲ್ಲಿ 1,217 ಚಾಲಕರನ್ನು ಮಾತಾಡಿಸಿ, ಲಾರಿಗಳಿಂದ ವರ್ಷಕ್ಕೆ ಹೀಗೆ ಹೋಗುವುದು ಸುಮಾರು 48,000 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಅದು ಪೊಲೀಸರೊಬ್ಬರದೇ ಲೆಕ್ಕವಲ್ಲ, ಬೇರೆ ಇಲಾಖೆಗಳೂ ಪಂಕ್ತಿಯಲ್ಲಿ ಕೂತಿವೆ. ಕೇಳಿದವರಲ್ಲಿ ಶೇ. 67 ಚಾಲಕರು ಟ್ರಾಫಿಕ್ ಅಥವಾ ಹೈವೇ ಪೊಲೀಸರಿಗೆ ಕೊಟ್ಟದ್ದುಂಟು ಎಂದಿದ್ದರು.

ಕೊಡುವವನು ಕೊಳ್ಳುವುದು ಕ್ಷಮೆಯನ್ನಲ್ಲ, ಹೊತ್ತನ್ನು. ದಂಡ 500 ಇರಬಹುದು. ಆದರೆ ಅಷ್ಟು ಮುಗಿಯುವಷ್ಟರಲ್ಲಿ ವಡಾಲಾದ ಲೋಡು ಇನ್ನೊಬ್ಬನ ಗಾಡಿಗೆ ಏರಿರುತ್ತದೆ, ಮಾಲೀಕರು ಮೂರು ಸಲ ಫೋನು ಮಾಡಿರುತ್ತಾರೆ, ಸಂಜೆಯ ನೋ ಎಂಟ್ರಿ ಹತ್ತಿರ ಬಂದಿರುತ್ತದೆ. ಹಾಗಾಗಿ ಕಾಗದ ಪೂರ್ತಿ ಸರಿಯಿದ್ದವನೂ ಜೇಬಿಗೆ ಕೈ ಹಾಕುತ್ತಾನೆ. ತಪ್ಪಿಲ್ಲದವನು ಯಾಕೆ ಕೊಡಬೇಕು ಎಂದು ಕೇಳುವವರು ಲೋಡು ತಪ್ಪಿಸಿಕೊಂಡು ಟರ್ಮಿನಲ್ಲಿನಲ್ಲಿ ಎರಡು ದಿನ ಅನ್ನ ಬೇಯಿಸಿಕೊಂಡು ಕೂತವರಲ್ಲ.

ಎಚ್ಚರಿಕೆ: 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ, 7 ವರ್ಷದವರೆಗೆ ಜೈಲು. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಟ್ಟು ಪಾರಾಗಬಹುದು. ಮಹಾರಾಷ್ಟ್ರದ ಭ್ರಷ್ಟಾಚಾರ ನಿಗ್ರಹ ದಳದ ನಂಬರು 1064. ಫೋನು ಮಾಡುವವರು ಅವರು ಬರುವವರೆಗೆ ಗಾಡಿ ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಯೋಚಿಸಿಟ್ಟುಕೊಳ್ಳಿ. (ಗಡಿಯಾರದ ಭಾಗ ನೋಡಿ.)

ವಾಪಸ್ಸಿನಲ್ಲಿ ಮಾಲು ಹೆಚ್ಚು ಹೇರಿಕೊಂಡಿದ್ದರೆ ಮಾತು ಬೇರೆ. ಮೂರು ಆಕ್ಸಲಿನ ಗಾಡಿಯ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 25 ಟನ್ನಿನಿಂದ 28.5ಕ್ಕೆ ಏರಿಸಿದರು. ವ್ಯಾಪಾರಿಗಳು ಅದನ್ನೇ ಹೊಸ ಕನಿಷ್ಠ ಎಂದು ತಿಳಿದರು. ಮೀರಿದರೆ 194ನೇ ಕಲಮಿನಂತೆ 20,000, ಮೇಲಿನ ಪ್ರತಿ ಟನ್ನಿಗೆ 2,000. ತೂಕದ ಕಾಟಾಕ್ಕೆ ಹೋಗಲು ಒಪ್ಪದಿದ್ದರೆ 40,000. ಇಷ್ಟಾಗಿಯೂ ಹೇರಿಸಿದವನು ಆಗ ಫೋನು ಎತ್ತುವುದಿಲ್ಲ. ಇಲ್ಲಿ ಈ ಕೈಪಿಡಿಗೆ ನಿಮ್ಮ ಮೇಲೆ ಮರುಕವೂ ಕಡಿಮೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಗಾಡಿಯ ಮುಂದೆ ಯಾರೋ ಹೋಗುತ್ತಿರುತ್ತಾರೆ.

ಯಾರೂ ಕೈ ತೋರಿಸದಿದ್ದರೆ

ಸಂತೋಷಪಡಬೇಡಿ, ಫೋಟೊ ತೆಗೆದಿದ್ದಾರೆ. ಮುಂಬಯಿಯಲ್ಲಿ 2016ರಿಂದ ಇ-ಚಲನ್ ಇದೆ. ಕಂಬದ ಕ್ಯಾಮೆರಾ ಸಾಲದೆಂದು ಕೆಲವರು ತಮ್ಮ ಸ್ವಂತ ಮೊಬೈಲಿನಲ್ಲೂ ಹಿಂದಿನಿಂದ ಕ್ಲಿಕ್ಕಿಸಿಕೊಳ್ಳುತ್ತಿದ್ದರು. 2025ರ ಜುಲೈ ಆರಂಭದಲ್ಲಿ ಮಹಾರಾಷ್ಟ್ರದ ಸಾರಿಗೆಯವರು ಮುಷ್ಕರ ಹೂಡಿದ್ದು ಇ-ಚಲನ್ ಹಾವಳಿಯ ವಿರುದ್ಧವೇ. ನೋ ಎಂಟ್ರಿಯ ಹೊತ್ತು, ಕ್ಲೀನರ್ ಕಡ್ಡಾಯದ ನಿಯಮ ಇವೂ ಪಟ್ಟಿಯಲ್ಲಿದ್ದವು. ಖಾಸಗಿ ಮೊಬೈಲು ಬಳಸಕೂಡದು ಎಂದು ಪೊಲೀಸ್ ಇಲಾಖೆ ಸುತ್ತೋಲೆಯನ್ನೂ ಹೊರಡಿಸಿತು.

ಕೈಯ ಜೊತೆ ಮಾತಾಡಬಹುದಿತ್ತು, ಕ್ಯಾಮೆರಾದ ಜೊತೆ ಆಗುವುದಿಲ್ಲ. ಅದು ಲಂಚ ಕೇಳುವುದಿಲ್ಲ, ಹಮಾಲರು ತಡ ಮಾಡಿದ ಕತೆಯನ್ನೂ ಕೇಳುವುದಿಲ್ಲ. ತಪ್ಪು ಮಾಡದೆ ಇರುವುದೂ ಇಲ್ಲ. ಒಡಿಶಾದ ಗಂಜಾಂ ಜಿಲ್ಲೆಯ ಲಾರಿ ಚಾಲಕರೊಬ್ಬರು 2021ರಲ್ಲಿ ಪರ್ಮಿಟ್ ನವೀಕರಿಸಲು ಹೋದಾಗ, ಹೆಲ್ಮೆಟ್ ಹಾಕದೆ ಗಾಡಿ ಓಡಿಸಿದ್ದಕ್ಕೆ 1,000 ರೂಪಾಯಿ ಬಾಕಿ ಇದೆ ಎಂದು ತಿಳಿಯಿತು. ಗಾಡಿ ಲಾರಿಯೇ. ಕ್ಯಾಬಿನ್ನಿನಲ್ಲಿ ಹೆಲ್ಮೆಟ್ ಇಟ್ಟುಕೊಳ್ಳುವುದು ನಿಮ್ಮ ಇಷ್ಟ.

ಊರಿನ ಅಭ್ಯಾಸದಲ್ಲಿ ದಂಡ ಕಟ್ಟದೆ ಕಾಯಬೇಡಿ. ಕರ್ನಾಟಕದಲ್ಲಿ 2023ರ ಫೆಬ್ರುವರಿಯಲ್ಲಿ, ಆಮೇಲೆ 2025ರಲ್ಲಿ ಅರ್ಧ ದಂಡ ಬಿಟ್ಟರು ನಿಜ. ಆ ರಿಯಾಯಿತಿಗೆ ನ್ಯಾಷನಲ್ ಪರ್ಮಿಟ್ ಇಲ್ಲ.

ತಕರಾರಿದ್ದಲ್ಲಿ

ಇ-ಚಲನ್ ನೋಟೀಸು 15 ದಿನದೊಳಗೆ ಕಳಿಸಬೇಕೆಂದು 2021ರ ನಿಯಮ ಹೇಳಿತು. ಅದು ಬರುವುದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರ ನಂಬರಿಗೆ. ಅಷ್ಟರಲ್ಲಿ ನೀವು ಇನ್ನೊಂದು ಟ್ರಿಪ್ಪಿನಲ್ಲಿ ಚೆನ್ನೈ ಕಡೆ ಇರುತ್ತೀರಿ. ಆ ದಿನ ಎಂಟು ಗಂಟೆ ಎರಡು ನಿಮಿಷಕ್ಕೆ ಸಯನ್‌ನಲ್ಲಿ ಏನಾಯಿತೆಂದು ಅವರು ಕೇಳುತ್ತಾರೆ. ನೀವು ಹೇಳುತ್ತೀರಿ. ಪ್ರಶ್ನಿಸಲು ಕೋರ್ಟಿದೆ, ಲೋಕ ಅದಾಲತ್ ಇದೆ, ಎಲ್ಲವೂ ಮುಂಬಯಿಯಲ್ಲಿದೆ. ಹಾವೇರಿಯಿಂದ ಹೋಗಿಬರುವ ರೈಲು ಚಾರ್ಜು, ಹೋದ ದಿನಗಳ ಸಂಬಳ, ವಕೀಲರ ಫೀಜು ಕೂಡಿಸಿ ನೋಡಿ ಮಾಲೀಕರು ಆನ್‌ಲೈನಿನಲ್ಲಿ ಕಟ್ಟಿಬಿಡುತ್ತಾರೆ, ನಿಮ್ಮ ಬಾಟಾದಲ್ಲಿ ಹಿಡಿಯುತ್ತಾರೆ. ದಂಡ ಸಂದಾಯವಾಗಿದೆ, ಧನ್ಯವಾದ ಎಂದು ಸರ್ಕಾರ ಕಳಿಸುವ ಮೆಸೇಜೂ ಅವರ ಫೋನಿಗೇ ಹೋಗುತ್ತದೆ.