ಜಲಸಂಧಿ ಪ್ರಕರಣ: ನೀರು ಕುಡಿದು ತೂಕ ಇಳಿಸುವುದರ ವ್ಯಾಕರಣ

‘ಜಲಸಂಧಿ’ ಎಂಬ ಪದವು ಭೂಗೋಳಶಾಸ್ತ್ರದಲ್ಲಿ ಎರಡು ಸಮುದ್ರಗಳನ್ನು ಕೂಡಿಸುವ ಇಕ್ಕಟ್ಟಾದ ನೀರಿನ ಹಾದಿಗೆ ಸಲ್ಲುತ್ತದೆಯಾದರೂ, ಪ್ರಸ್ತುತ ಪ್ರಬಂಧದಲ್ಲಿ ಅದನ್ನು ಒಂದು ಲೋಟ ನೀರಿಗೂ ಒಂದು ಮನುಷ್ಯಶರೀರಕ್ಕೂ ಆಗುವ ಕೂಡಿಕೆ ಎಂಬ ಪಾರಿಭಾಷಿಕ ಅರ್ಥದಲ್ಲಿ ಬಳಸಲಾಗಿದೆ. ಕನ್ನಡ ಶಾಲೆಯಲ್ಲಿ ಕುಳಿತವರಿಗೆ ಸಂಧಿಯ ಲಕ್ಷಣ ಹೊಸದಲ್ಲ: ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಕೂಡಿದರೆ ಅದು ಸಂಧಿ, ಕೂಡುವಾಗ ಒಂದಕ್ಷರ ಬಿದ್ದುಹೋದರೆ ಲೋಪ, ಇಲ್ಲದ ಅಕ್ಷರವೊಂದು ನಡುವೆ ಬಂದು ಕುಳಿತರೆ ಆಗಮ, ಇದ್ದ ಅಕ್ಷರದ ಜಾಗವನ್ನು ಮತ್ತೊಂದು ಹಿಡಿದರೆ ಆದೇಶ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಮೊದಲ ಪ್ರಕರಣವನ್ನೇ ಸಂಧಿಗೆ ಮೀಸಲಿಟ್ಟನಾದರೂ, ದಿನಕ್ಕೆ ಎಂಟು ಲೋಟ ನೀರು ಕುಡಿದರೆ ತೂಕ ಇಳಿಯುತ್ತದೆ ಎಂಬ ಲೋಕವ್ಯವಹಾರದಲ್ಲಿ ಯಾವ ಸಂಧಿ ನಡೆಯುತ್ತದೆಂಬುದನ್ನು ವಿಚಾರಿಸದೆ ಬಿಟ್ಟದ್ದರಿಂದ, ಏಳುನೂರು ವರ್ಷಗಳ ಆ ಕೊರತೆಯನ್ನು ತುಂಬುವ ಭಾರವು ಈ ಪ್ರಕರಣದ ಮೇಲೆ ಬಿದ್ದಿದೆ.

ಶಾಸ್ತ್ರವೆಂದ ಮೇಲೆ ಅದಕ್ಕೊಬ್ಬ ಅಧಿಕಾರಿ, ಎಂದರೆ ಅದನ್ನು ಓದಿ ಫಲ ಪಡೆಯಲು ಅರ್ಹನಾದವನು, ಇರಬೇಕಾಗುತ್ತದೆ. ಮನೆಯೊಳಗೆ ನಲ್ಲಿಯೂ, ಬಚ್ಚಲಿನ ಪಕ್ಕದಲ್ಲಿ ತೂಕದ ಯಂತ್ರವೂ, ಇಳಿಸಲು ಸಾಲುವಷ್ಟು ತೂಕವೂ ಉಳ್ಳವನೇ ಇಲ್ಲಿ ಅಧಿಕಾರಿಯೆಂದು ತಿಳಿಯತಕ್ಕದ್ದು. ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಹೊತ್ತು ನೀರು ತರುವವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಅವರಿಗೆ ಬೇರೆಯೇ ವ್ಯಾಯಾಮವಿದೆ, ಅದರ ಲೆಕ್ಕ ಮುಂದೆ ಬರುತ್ತದೆ.

ಮೊದಲ ತೊಡಕು ಪ್ರಮಾಣದ್ದು. ‘ಎಂಟು ಲೋಟ’ ಎಂಬಲ್ಲಿ ಎಂಟರ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲದಿದ್ದರೂ ಲೋಟದ ವಿಷಯದಲ್ಲಿ ಒಮ್ಮತ ಸಾಧ್ಯವಾಗಿಲ್ಲ. ಏಕೆಂದರೆ ಬೈಟು ಕಾಫಿಯ ಲೋಟ, ಹಬ್ಬದೂಟದ ಪಂಕ್ತಿಯಲ್ಲಿ ಇಡುವ ಕಾಗದದ ಲೋಟ, ಅಜ್ಜನಿಗೇ ಮೀಸಲಾದ ಹಿತ್ತಾಳೆಯ ಲೋಟ, ಇವೆಲ್ಲವೂ ಒಂದೇ ನಾಮಪದದ ಅಡಿಯಲ್ಲಿ ಬಾಳುತ್ತಿದ್ದು, ಮೊದಲನೆಯದರಿಂದ ಎಂಟು ಬಾರಿ ಕುಡಿದವನು ಒಂದು ಲೀಟರನ್ನೂ ಮುಟ್ಟದೆ ಹೋಗಬಹುದಾದರೆ, ಮೂರನೆಯದನ್ನು ಹಿಡಿದವನು ಮಧ್ಯಾಹ್ನದೊಳಗೆ ವ್ರತವನ್ನು ಮುಗಿಸಿಬಿಡಬಹುದು. ಈ ಮಾತು ಹುಟ್ಟಿದ ಅಮೆರಿಕದಲ್ಲಿ ಲೋಟವೆಂದರೆ ಸುಮಾರು 240 ಮಿಲಿಲೀಟರ್. ಎಂಟಕ್ಕೆ ಎರಡು ಲೀಟರಿಗೆ ಸ್ವಲ್ಪ ಕಡಿಮೆ.

ಆ ಮಾತಿನ ಮೂಲವನ್ನು ಹುಡುಕಹೊರಟವರಿಗೆ ವೈದ್ಯಕ್ಕಿಂತ ಗ್ರಂಥಸಂಪಾದನಾಶಾಸ್ತ್ರವೇ ಹೆಚ್ಚು ನೆರವಾಗುತ್ತದೆ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿಯು ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು, ಎಂದರೆ ಉಣ್ಣುವ ಒಂದೊಂದು ಕ್ಯಾಲೊರಿಗೆ ಒಂದೊಂದು ಮಿಲಿಲೀಟರ್, ತಕ್ಕದ್ದೆಂದು ಹೇಳಿ, ಅದರ ಬೆನ್ನಿಗೇ ಈ ಪ್ರಮಾಣದ ಬಹುಪಾಲು ಬೇಯಿಸಿದ ಆಹಾರದಲ್ಲಿಯೇ ಇರುತ್ತದೆ ಎಂಬ ಅರ್ಥದ ವಾಕ್ಯವನ್ನೂ ಬರೆದಿತ್ತು. ಮೊದಲ ವಾಕ್ಯವು ಲೋಕಸಂಚಾರಕ್ಕೆ ಹೊರಟಿತು. ಎರಡನೆಯದು ಅಲ್ಲಿಯೇ ಉಳಿಯಿತು. ಬೆಂದ ಅನ್ನದಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕು ನೀರಿದೆ, ಸೌತೆಕಾಯಿಯಲ್ಲಿ ನೀರನ್ನು ಬಿಟ್ಟರೆ ಬೇರೇನಾದರೂ ಇದೆಯೇ ಎಂದು ಸಂದೇಹ ಪಡುವಷ್ಟು ನೀರಿದೆ, ಮಜ್ಜಿಗೆಯ ಮಾತಂತೂ ಹೇಳುವುದೇ ಬೇಡ. ಆದರೂ ಇವೆಲ್ಲವನ್ನೂ ಉಂಡು ಮುಗಿಸಿದವನು ಲೆಕ್ಕವನ್ನು ಸೊನ್ನೆಯಿಂದ ಹಿಡಿದು ಎಂಟು ಲೋಟ ಎಣಿಸುತ್ತಾನೆ. 2002ರಲ್ಲಿ ಮೂತ್ರಪಿಂಡದ ವಿದ್ವಾಂಸ ಹೈಂಜ್ ವಾಲ್ಟಿನ್ ಈ ಎಂಟು ಲೋಟದ ಸೂತ್ರಕ್ಕೆ ಆಧಾರವನ್ನು ಬಹುವಾಗಿ ಹುಡುಕಿ, ಆರೋಗ್ಯವಂತರ ಮಟ್ಟಿಗೆ ಅಂಥದ್ದೇನೂ ಸಿಗಲಿಲ್ಲವೆಂದು ಬರೆದನು. ಹೀಗೆ ಈ ಪ್ರಕರಣದಲ್ಲಿ ನಿಸ್ಸಂದೇಹವಾಗಿ ಸಿದ್ಧವಾಗುವ ಲೋಪಸಂಧಿ ಒಂದೇ. ಅದರಲ್ಲಿ ಲೋಪವಾದದ್ದು ಕೊಬ್ಬಲ್ಲ, ವಾಕ್ಯ.

ಪೂರ್ವಪಕ್ಷಿಗಳು, ಎಂದರೆ ಖಂಡಿಸಲೆಂದೇ ಶಾಸ್ತ್ರದಲ್ಲಿ ಮೊದಲು ಕೂರಿಸಿ ಮಾತಾಡಿಸುವ ಪ್ರತಿವಾದಿಗಳು, ಇದನ್ನು ಒಪ್ಪುವುದಿಲ್ಲ. ‘ಊರು’ ಮತ್ತು ‘ಅಲ್ಲಿ’ ಕೂಡಿ ‘ಊರಲ್ಲಿ’ ಎಂದಾಗುವಾಗ ಉಕಾರ ಬಿದ್ದುಹೋಗುವಂತೆ, ನೀರು ಹೊಟ್ಟೆಗೆ ಸೇರಿದೊಡನೆ ಬೊಜ್ಜು ಬಿದ್ದುಹೋಗುತ್ತದೆ ಎಂಬುದು ಅವರ ವಾದ. ಇವರಲ್ಲಿ ಬಿಸಿನೀರಿನವರು ಉಪಮಾನ ಪ್ರಮಾಣವನ್ನು, ಅಂದರೆ ಕಂಡದ್ದರ ಹೋಲಿಕೆಯಿಂದ ಕಾಣದ್ದನ್ನು ತಿಳಿಯುವ ಕ್ರಮವನ್ನು, ಆಶ್ರಯಿಸಿ, ಜಿಡ್ಡು ಹಿಡಿದ ಬಾಣಲೆಗೆ ಬಿಸಿನೀರು ಸುರಿದರೆ ಜಿಡ್ಡು ಬಿಡುವಂತೆಯೇ ಬೆಳಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು ಸುರಿದರೆ ಒಳಗಿನ ಜಿಡ್ಡೂ ಬಿಡುತ್ತದೆಂದು ಸಾಧಿಸುತ್ತಾರೆ. ಬಾಣಲೆಯನ್ನು ಒಮ್ಮೆಯಾದರೂ ಸ್ವಂತ ಕೈಯಿಂದ ತೊಳೆದವರು ಈ ವಾದವನ್ನು ಹೂಡಲಾರರು. ಅಲ್ಲಿ ಬೂದಿ ಅಥವಾ ಸಾಬೂನು, ತೆಂಗಿನ ನಾರು, ಮತ್ತು ತಿಕ್ಕುವವರ ರಟ್ಟೆ ಎಂಬ ಮೂರು ಸಹಕಾರಿ ಕಾರಣಗಳಿದ್ದು, ಅವುಗಳಲ್ಲಿ ಒಂದನ್ನೂ ನುಂಗುವುದು ಸಾಧ್ಯವಿಲ್ಲ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಕೊಬ್ಬು ದೇಹವನ್ನು ಬಿಟ್ಟುಹೋಗುವ ದಾರಿಯನ್ನು ಆಸ್ಟ್ರೇಲಿಯದ ಇಬ್ಬರು ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು, ಅದರ ಪ್ರಕಾರ 10 ಕಿಲೊ ಕೊಬ್ಬು ಪೂರ್ತಿ ಉರಿದರೆ 8.4 ಕಿಲೊ ಇಂಗಾಲದ ಡೈಆಕ್ಸೈಡಾಗಿ ಉಸಿರಿನಲ್ಲಿ ಹೊರಬೀಳುತ್ತದೆ, ಉಳಿದ 1.6 ಕಿಲೊ ನೀರಾಗುತ್ತದೆ. ಆದ್ದರಿಂದ ನೀರು ಕೊಬ್ಬನ್ನು ಕರಗಿಸುತ್ತದೆ ಎಂಬುದಕ್ಕಿಂತ ಕೊಬ್ಬೇ ಒಂದಷ್ಟು ನೀರಾಗುತ್ತದೆ ಎಂಬುದು ಸಾಧು. ಕಾರ್ಯವನ್ನೇ ಕಾರಣವೆಂದು ಹಿಡಿದದ್ದು ಪೂರ್ವಪಕ್ಷಿಗಳ ದೋಷ.

ತಣ್ಣೀರಿನವರ ವಾದ ಇದಕ್ಕಿಂತ ಸೂಕ್ಷ್ಮವಾಗಿದ್ದು, ಕುಡಿದ ತಣ್ಣೀರನ್ನು ಶರೀರವು ತನ್ನ 37 ಡಿಗ್ರಿಗೆ ಏರಿಸಲೇಬೇಕಾಗಿರುವುದರಿಂದ ಅಷ್ಟು ಶಾಖ ಖರ್ಚಾಗಿ ತೂಕ ಇಳಿಯಲೇಬೇಕೆಂದು ಅವರು ಹೇಳುತ್ತಾರೆ. ಇದನ್ನು ಅಲ್ಲಗಳೆಯಲಾಗದು, ಏಕೆಂದರೆ ಆಹಾರಶಾಸ್ತ್ರದ ಕ್ಯಾಲೊರಿ ಎಂಬ ಮಾನವೇ ಒಂದು ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾಗುವ ಶಾಖ. ಆದರೆ ಲೆಕ್ಕ ಮಾಡಿ ನೋಡಿದರೆ ಮಂಜಿನಷ್ಟು ತಣ್ಣಗಿನ ಅರ್ಧ ಲೀಟರಿಗೆ ಹದಿನೆಂಟೂವರೆ ಕ್ಯಾಲೊರಿಯೂ, 25 ಡಿಗ್ರಿಯ ಹೂಜಿಯ ನೀರಿನ ಅರ್ಧ ಲೀಟರಿಗೆ ಬರೀ ಆರು ಕ್ಯಾಲೊರಿಯೂ ಸಲ್ಲುತ್ತವೆ. ಕಾಫಿಗೆ ಹಾಕುವ ಐದು ಗ್ರಾಂ ಸಕ್ಕರೆಯಲ್ಲಿ ಇಪ್ಪತ್ತು ಕ್ಯಾಲೊರಿ ಇರುವುದರಿಂದ, ಹಲ್ಲು ಜುಮ್ಮೆನ್ನುವಂತೆ ಅರ್ಧ ಲೀಟರ್ ಮಂಜುನೀರು ಕುಡಿದ ತಪಸ್ವಿಯ ಪುಣ್ಯವು ಒಂದು ಚಮಚ ಸಕ್ಕರೆಯನ್ನೂ ತೀರಿಸಲಾರದು. 2003ರಲ್ಲಿ ಬರ್ಲಿನ್ನಿನ ಸಂಶೋಧಕರು ಹದಿನಾಲ್ಕು ಮಂದಿಗೆ ಅರ್ಧ ಲೀಟರ್ ನೀರು ಕುಡಿಸಿ ಶಕ್ತಿವ್ಯಯ ಸುಮಾರು ಶೇ. 30ರಷ್ಟು ಏರಿತೆಂದು ವರದಿ ಮಾಡಿದಾಗ ತಣ್ಣೀರಿನವರ ಪಾಳೆಯದಲ್ಲಿ ಉತ್ಸವವಾಯಿತು. 2006ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮತ್ತೆ ಅಳೆದಾಗ ಅಂಥ ಏರಿಕೆ ಕಾಣದೆ, 3 ಡಿಗ್ರಿಗೆ ತಣಿಸಿದ ನೀರಿನಿಂದಲೂ ಶೇ. 4.5ರಷ್ಟು ಮಾತ್ರ ಏರಿದ್ದರಿಂದ ಉತ್ಸವಮೂರ್ತಿಯನ್ನು ಗುಡಿಯೊಳಕ್ಕೆ ಹಿಂದಿರುಗಿಸಬೇಕಾಯಿತು.

ಬಿಸಿನೀರಿಗೆ ಜೇನುತುಪ್ಪವನ್ನೂ ನಿಂಬೆರಸವನ್ನೂ ಬೆರೆಸುವವರ ವಿಚಾರವನ್ನು ಇಲ್ಲಿಯೇ ಮುಗಿಸಬಹುದು. ದೊಡ್ಡ ಚಮಚದ ಜೇನಿನಲ್ಲಿ ಸುಮಾರು ಅರವತ್ತು ಕ್ಯಾಲೊರಿ ಇರುವುದರಿಂದ, ಅದನ್ನು ಮೇಲಿನ ಸೂತ್ರದಂತೆ ನೀರಿನಿಂದಲೇ ಸರಿದೂಗಿಸಬೇಕಾದರೆ ಹೂಜಿಯ ನೀರು ಐದು ಲೀಟರ್ ಬೇಕಾಗುತ್ತದೆ. ನಿಂಬೆಹಣ್ಣು ನಿರಪರಾಧಿ.

ಇನ್ನು ಆಗಮಸಂಧಿ. ‘ಮನೆ’ ಮತ್ತು ‘ಅಲ್ಲಿ’ ಸೇರುವಾಗ ಎಲ್ಲಿಯೂ ಇಲ್ಲದ ಯಕಾರ ಬಂದು ‘ಮನೆಯಲ್ಲಿ’ ಎಂದಾಗುವಂತೆ, ಅರ್ಧ ಲೀಟರ್ ನೀರು ಕುಡಿದು ಯಂತ್ರವನ್ನು ಹತ್ತಿದವನ ತೂಕವು ಅರ್ಧ ಕಿಲೊ ಏರುತ್ತದೆ. ಈ ಸಂಧಿಗೆ ಅಪವಾದವೇ ಇಲ್ಲ. ತೂಕಕ್ಕೂ ನೀರಿಗೂ ಇರುವ ಈ ಲೇವಾದೇವಿಯನ್ನು ಇಟಲಿಯ ವೈದ್ಯ ಸಾಂಟೋರಿಯೊ ತನ್ನ ಕುರ್ಚಿಯನ್ನೇ ತಕ್ಕಡಿಗೆ ತೂಗುಹಾಕಿಕೊಂಡು ವರ್ಷಾನುಗಟ್ಟಲೆ ಅಳೆದು, ತಿಂದು ಕುಡಿದದ್ದರಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದಂತೆ ಚರ್ಮದಿಂದಲೂ ಉಸಿರಿನಿಂದಲೂ ಆರಿಹೋಗುತ್ತದೆಂದು 1614ರ ತನ್ನ ಗ್ರಂಥದಲ್ಲಿ ಬರೆದನು. ಇಂದಿನ ಪಥ್ಯಗಾರರು ಮೊದಲ ವಾರದಲ್ಲಿಯೇ ಎರಡು ಕಿಲೊ ಇಳಿದೆವೆಂದು ಹಿಗ್ಗುವುದಕ್ಕೂ ಇದೇ ಮೂಲ: ಶರೀರವು ಕೂಡಿಟ್ಟ ಗ್ಲೈಕೊಜೆನ್ ಎಂಬ ಪಿಷ್ಟದಂಥ ವಸ್ತುವು ಒಂದೊಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಜೊತೆಗಿಟ್ಟುಕೊಂಡಿರುವುದರಿಂದ, ಊಟ ಕಡಿಮೆಯಾದೊಡನೆ ಅದು ಖರ್ಚಾಗಿ ಆ ನೀರೂ ಹೊರಟುಹೋಗುತ್ತದೆ, ಮದುವೆಮನೆಯ ಒಂದು ಊಟಕ್ಕೆ ಎರಡೂ ಒಟ್ಟಿಗೇ ಹಿಂದಿರುಗುತ್ತವೆ. ನೀರು ಕುಡಿದು ಇಳಿಸಿದೆನೆಂದು ಹೇಳಿಕೊಳ್ಳುವವನು ಹಲವು ಸಲ ಇಳಿಸಿರುವುದು ನೀರನ್ನೇ.

ಸಿದ್ಧಾಂತವು ಆದೇಶಸಂಧಿಯಲ್ಲಿದೆ. ‘ಮಳೆ’ ಮತ್ತು ‘ಕಾಲ’ ಕೂಡಿ ‘ಮಳೆಗಾಲ’ವಾಗುವಾಗ ಗಕಾರವು ಯಾರನ್ನೂ ಕೊಲ್ಲುವುದಿಲ್ಲ, ಕರಗಿಸುವುದೂ ಇಲ್ಲ, ಕಕಾರ ಕೂರಬೇಕಾಗಿದ್ದ ಜಾಗದಲ್ಲಿ ಮೊದಲೇ ಹೋಗಿ ಕುಳಿತುಬಿಡುತ್ತದೆ, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲು ಹಾಕಿದಂತೆ. ನೀರು ಮಾಡುವುದೂ ಇಷ್ಟನ್ನೇ. ವಾಗ್ಭಟನ ‘ಅಷ್ಟಾಂಗಹೃದಯ’ದಲ್ಲಿ ಊಟದ ಮೊದಲು ನೀರು ಕುಡಿಯುವವನು ಕೃಶನಾಗುತ್ತಾನೆ, ನಡುವೆ ಕುಡಿಯುವವನು ಸಮನಾಗಿರುತ್ತಾನೆ, ಕೊನೆಯಲ್ಲಿ ಕುಡಿಯುವವನು ಸ್ಥೂಲನಾಗುತ್ತಾನೆ ಎಂಬ ಅಭಿಪ್ರಾಯವಿದ್ದು, ಅದರ ಮೊದಲ ಪಾದಕ್ಕೆ ಹಲವು ಶತಮಾನಗಳ ತರುವಾಯ ಅಮೆರಿಕದ ವರ್ಜೀನಿಯದಿಂದ ಭಾಷ್ಯ ಬಂದಿತು: 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 55 ವರ್ಷ ದಾಟಿದ ಪಥ್ಯಗಾರರ ಪೈಕಿ ಮೂರು ಹೊತ್ತಿನ ಊಟಕ್ಕೂ ಮುನ್ನ ಅರ್ಧರ್ಧ ಲೀಟರ್ ಕುಡಿದವರು ಹನ್ನೆರಡು ವಾರಗಳಲ್ಲಿ ಉಳಿದವರಿಗಿಂತ ಸುಮಾರು ಎರಡು ಕಿಲೊ ಹೆಚ್ಚು ಇಳಿದಿದ್ದರು. 2015ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇಂಥದೇ ಪ್ರಯೋಗ ನಡೆದು ಅಂತರವು 1.3 ಕಿಲೊ ಎಂದು ಕಂಡಿತು. ಆ ಪ್ರಯೋಗದಲ್ಲಿ ಹೋಲಿಕೆಗೆಂದು ಇಟ್ಟುಕೊಂಡ ಗುಂಪಿನವರಿಗೆ ಊಟಕ್ಕೆ ಮುನ್ನ ನೀರಿನ ಬದಲು, ಹೊಟ್ಟೆ ತುಂಬಿದೆಯೆಂದು ಕಲ್ಪಿಸಿಕೊಳ್ಳಲು ಹೇಳಲಾಗಿತ್ತೆಂಬುದನ್ನು ಅಲಂಕಾರಶಾಸ್ತ್ರಜ್ಞರು ಗಮನಿಸಬೇಕು. ಕಲ್ಪನಾಶಕ್ತಿಯು ನೀರಿನ ಮುಂದೆ ಕಿಲೊಗಳ ಲೆಕ್ಕದಲ್ಲಿ ಸೋತ ದೃಷ್ಟಾಂತ ಸಾಹಿತ್ಯಚರಿತ್ರೆಯಲ್ಲಿ ಬೇರೆ ಇರಲಾರದು.

ಆದರೆ ಆದೇಶವು ಫಲಿಸಬೇಕಾದರೆ ಬಿಟ್ಟುಹೋಗುವ ಅಕ್ಷರವೊಂದು ಇರಲೇಬೇಕು. ನೂರು ಮಿಲಿಲೀಟರಿಗೆ ಹತ್ತು ಗ್ರಾಮಿನಷ್ಟು ಸಕ್ಕರೆಯುಳ್ಳ ಬಣ್ಣದ ಪಾನೀಯದ ಜಾಗಕ್ಕೆ ನೀರು ಬಂದರೆ 300 ಮಿಲಿಲೀಟರಿನ ಒಂದು ಸೀಸೆಗೆ 120 ಕ್ಯಾಲೊರಿ ಉಳಿಯುತ್ತದೆ. ಪಾನೀಯವನ್ನೂ ಕುಡಿದು, ಪ್ರಾಯಶ್ಚಿತ್ತವೆಂದು ಮೇಲೊಂದು ಲೋಟ ನೀರನ್ನೂ ಕುಡಿದರೆ ಅದು ಆದೇಶವಲ್ಲ, ದ್ವಿರುಕ್ತಿ. ನೀರು ಎಲ್ಲಿ ಕೂರುತ್ತದೆಂಬುದೂ ಮುಖ್ಯವೆಂದು 1999ರಲ್ಲಿ ಪೆನ್ಸಿಲ್ವೇನಿಯದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ತೋರಿಸಿದರು: ಒಂದೇ ಅಡುಗೆಯನ್ನು ಪಕ್ಕದಲ್ಲಿ ನೀರಿಟ್ಟು ಬಡಿಸಿದಾಗ ಸಿಗದ ತೃಪ್ತಿಯು, ಅದೇ ನೀರನ್ನು ಅದೇ ಅಡುಗೆಗೆ ಸುರಿದು ಸೂಪು ಮಾಡಿ ಬಡಿಸಿದಾಗ ಸಿಕ್ಕಿ, ಮುಂದಿನ ಊಟದಲ್ಲಿ ಹೆಂಗಸರು ಸುಮಾರು ನೂರು ಕ್ಯಾಲೊರಿ ಕಡಿಮೆ ಉಂಡರು. ಕರ್ನಾಟಕದ ಅಡುಗೆಮನೆಗಳಿಗೆ ಈ ಫಲಿತಾಂಶ ಹೊಸದಲ್ಲ. ಎಲೆ ಹಾಕಿದ ಮೇಲೆ ಇಬ್ಬರು ನೆಂಟರು ಬಾಗಿಲಲ್ಲಿ ಕಾಣಿಸಿಕೊಂಡಾಗ ಸಾರಿಗೆ ಎರಡು ಲೋಟ ನೀರೂ ಚಿಟಿಕೆ ಉಪ್ಪೂ ಬೀಳುವುದು, ಎಲ್ಲರೂ ಹೊಟ್ಟೆತುಂಬ ಉಂಡೆವೆಂದು ಕೈತೊಳೆಯುವುದು, ನೆಂಟರು ಸಾರಿನ ತಿಳಿಯನ್ನು ಹೊಗಳಿ ಹೋಗುವುದು, ಇದೆಲ್ಲವೂ ಬಹುಕಾಲದಿಂದ ನಡೆದುಬಂದ ಪ್ರಯೋಗವೇ ಆಗಿದ್ದು, ಬರೆದಿಡುವವರಿಲ್ಲದೆ ಪೆನ್ಸಿಲ್ವೇನಿಯಕ್ಕೆ ಹೋಯಿತು.

ಕೊಡದ ಲೆಕ್ಕವನ್ನು ಹೇಳುವುದಾಗಿ ಮೇಲೆ ಮಾತು ಕೊಡಲಾಗಿದೆ. ಅರವತ್ತು ಕಿಲೊ ತೂಕದ ಹೆಂಗಸು ಹದಿನೈದು ಲೀಟರಿನ ಕೊಡ ಹೊತ್ತು ಹತ್ತು ಮೀಟರ್ ಎತ್ತರದ ಮೆಟ್ಟಿಲು ಹತ್ತಿದರೆ, ಸ್ನಾಯುಗಳು ಖರ್ಚು ಮಾಡಿದ್ದರಲ್ಲಿ ಕಾಲು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆಂಬ ಸಾಮಾನ್ಯ ಗಣನೆಯಂತೆ, ಸುಮಾರು ಏಳು ಕ್ಯಾಲೊರಿ ವ್ಯಯವಾಗುತ್ತದೆ. ಇದು ಕುರ್ಚಿಯಲ್ಲಿ ಕುಳಿತು ಅರ್ಧ ಲೀಟರ್ ಹೂಜಿಯ ನೀರು ಕುಡಿದವನಿಗಿಂತ ಒಂದು ಕ್ಯಾಲೊರಿ ಹೆಚ್ಚು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ 5,000 ರೂಪಾಯಿ ದಂಡವೆಂದು ಸಾರಿದಾಗ, ಎಂಟು ಲೋಟದ ವ್ರತಸ್ಥರೂ ಟ್ಯಾಂಕರಿನ ದಾರಿ ಕಾಯುವವರೂ ಒಂದೇ ಬೀದಿಯಲ್ಲಿದ್ದರೆಂಬುದನ್ನು ಪ್ರಬಂಧಕಾರನು ವ್ಯಾಖ್ಯಾನವಿಲ್ಲದೆ ದಾಖಲಿಸುತ್ತಾನೆ.

ಅತಿಯಾದ ಸಂಧಿಯು ವಿನೋದದ ವಿಷಯವಲ್ಲ. ಮೂತ್ರಪಿಂಡಗಳು ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು ನೀರನ್ನು ಹೊರಹಾಕಬಲ್ಲವಾದ್ದರಿಂದ, ಅದಕ್ಕೆ ಮಿಕ್ಕಿ ಒಂದೇ ಸಮನೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳಬಹುದು. 2007ರಲ್ಲಿ ಕ್ಯಾಲಿಫೋರ್ನಿಯದ ರೇಡಿಯೊ ಕೇಂದ್ರವೊಂದು ನಡೆಸಿದ ನೀರು ಕುಡಿಯುವ ಸ್ಪರ್ಧೆಯಲ್ಲಿ ಮಹಿಳೆಯೊಬ್ಬರು ಹೀಗೆಯೇ ಪ್ರಾಣ ಕಳೆದುಕೊಂಡರು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ವೈದ್ಯರು ಗೊತ್ತುಮಾಡಿದ ಅಳತೆಯೇ ಶಾಸ್ತ್ರ. ಉಳಿದ ಬಹುಮಂದಿಗೆ ಬಾಯಾರಿಕೆ ಎಂಬ ಹಳೆಯ ಸೂತ್ರ ಸಾಕಾಗುತ್ತದೆ.

ಕೊನೆಯದಾಗಿ, ವ್ಯಾಕರಣದಲ್ಲಿ ಪ್ರಕೃತಿಭಾವವೆಂಬುದೊಂದಿದೆ. ಎರಡು ಪದಗಳು ಎದುರೆದುರು ನಿಂತಿದ್ದು, ಸಂಧಿಗೆ ಬೇಕಾದ ಸ್ವರಗಳೆಲ್ಲ ಒದಗಿಬಂದಿದ್ದರೂ ಏನೂ ಆಗದೆ ಇದ್ದದ್ದು ಇದ್ದಂತೆಯೇ ಉಳಿಯುವುದಕ್ಕೆ ಆ ಹೆಸರು. ಊಟದಲ್ಲಾಗಲಿ ಪಾನೀಯದಲ್ಲಾಗಲಿ ಒಂದನ್ನೂ ಬಿಡದೆ, ಬರೀ ಎಂಟು ಲೋಟ ನೀರನ್ನು ಕೂಡಿಸಿಕೊಂಡವನು ತಿಂಗಳ ಕೊನೆಗೆ ತೂಕದ ಯಂತ್ರವನ್ನು ಹತ್ತಿ ಕೆಳಗೆ ನೋಡಿದಾಗ ಹೊರಡುವ ಉದ್ಗಾರವೇ ಇದಕ್ಕೆ ವೈಯಾಕರಣರು ಕೊಡುವ ಉದಾಹರಣೆ: ‘ಅಯ್ಯೋ’ ಮತ್ತು ‘ಇದೇನು’ ಸೇರಿದರೆ ‘ಅಯ್ಯೋ ಇದೇನು’ ಎಂದೇ ಉಳಿಯುತ್ತದೆ.